ದೋಣಿಗಳಿಗೆ ದಡದ ವಿದ್ಯುತ್

ದಕ್ಕೆಯಲ್ಲಿ ಕಟ್ಟಿರುವ ದೋಣಿಗೆ ನೆಲದ ಮೇಲಿನ ವಿದ್ಯುತ್ ಜಾಲದಿಂದ ಕೇಬಲ್ ಮೂಲಕ ಒದಗಿಸುವ ವಿದ್ಯುತ್ತನ್ನು ದಡದ ವಿದ್ಯುತ್ ಎನ್ನಬಹುದು. ಸಮುದ್ರದಲ್ಲಿರುವಾಗ ದೀಪ, ವಯರ್‌ಲೆಸ್ ಮುಂತಾದವುಗಳಿಗೆ ಎಂಜಿನ್‌ನಿಂದ ಚಾರ್ಜ್ ಆಗುವ 12 ಅಥವಾ 24 ವೋಲ್ಟ್ ಬ್ಯಾಟರಿಗಳು ಸಾಕಾಗುತ್ತವೆ. ಭಾರತದಲ್ಲಿ ದಡದಿಂದ ಬರುವುದು 230 ವೋಲ್ಟ್, 50 ಹರ್ಟ್ಸ್ ಪರ್ಯಾಯ ವಿದ್ಯುತ್. ಉಪ್ಪುನೀರು, ಒದ್ದೆ ಹಲಗೆ, ಬರಿಗಾಲು ಒಂದೆಡೆ ಸೇರುವ ದೋಣಿಯಲ್ಲಿ ಇದು ಮನೆಯಲ್ಲಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

ಕರಾವಳಿಯಲ್ಲಿ ಬಳಕೆ

ಉಡುಪಿ ಜಿಲ್ಲೆಯ ಮಲ್ಪೆ ಕರ್ನಾಟಕದ ಪ್ರಮುಖ ಮೀನುಗಾರಿಕಾ ಬಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ಬಂದರು ಸೇರುತ್ತವೆ. ವೆಲ್ಡಿಂಗ್, ಡ್ರಿಲ್, ಬ್ಯಾಟರಿ ಚಾರ್ಜಿಂಗ್‌ಗಳಿಗೆ ದಡದ ವಿದ್ಯುತ್ ಬೇಕಾಗುವುದೂ, ಮಳೆ ಬಿಡದೆ ಸುರಿಯುವುದೂ ಇದೇ ಅವಧಿಯಲ್ಲಿ. ಮಳೆಗಾಲದಲ್ಲಿ ನದೀಮುಖದ ನೀರಿನ ಉಪ್ಪಿನಂಶ ಇಳಿಯುತ್ತದೆ. ಸಿಹಿನೀರಿಗೆ ಸೋರಿದ ವಿದ್ಯುತ್ತು ನೀರಿಗಿಳಿದವರ ದೇಹದ ಮೂಲಕ ಹರಿಯುವ ಸಂಭವ ಉಪ್ಪುನೀರಿನಲ್ಲಿರುವುದಕ್ಕಿಂತ ಹೆಚ್ಚು.

ಸಂಪರ್ಕದ ಕ್ರಮ

ಕೇಬಲ್ಲಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಎಂಬ ಮೂರು ತಂತಿಗಳೂ ಇರಬೇಕು. ನಡುವೆ ಟೇಪ್ ಸುತ್ತಿದ ಜೋಡಣೆ ಇರಬಾರದು. ಮನೆಯ ಮೂರು ಪಿನ್ನಿನ ಪ್ಲಗ್ಗಿಗೆ ಬದಲು ನೀರು ತಡೆಯುವ ನೀಲಿ ಬಣ್ಣದ ಕೈಗಾರಿಕಾ ಪ್ಲಗ್ ಯೋಗ್ಯ. ಎಂಜಿನ್ ಅದುರುವುದರಿಂದ ದೋಣಿಯೊಳಗೆ ಒಂಟಿ ಗಟ್ಟಿ ತಂತಿ ಮುರಿಯುತ್ತದೆ. ಹಲವು ಎಳೆಗಳ ತಂತಿಯೇ ಬೇಕು.

ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆ ಸಾಮಾನ್ಯ, ಆದರೆ ತಪ್ಪು. 16 ಆಂಪಿಯರ್ ಎಂಸಿಬಿ ರಕ್ಷಿಸುವುದು ತಂತಿಯನ್ನು. ಮನುಷ್ಯನ ಪ್ರಾಣ ತೆಗೆಯಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. ಹೋದ ಮತ್ತು ಮರಳಿದ ವಿದ್ಯುತ್ತನ್ನು ಹೋಲಿಸಿ, ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅನಿವಾರ್ಯ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಜನರೇಟರ್ ಇರುವ ದೋಣಿಯಲ್ಲಿ ಎರಡು ಮೂಲಗಳು ಒಮ್ಮೆಲೇ ಸೇರದಂತೆ ಫೇಸ್, ನ್ಯೂಟ್ರಲ್‌ಗಳೆರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇರಬೇಕು.

ಅರ್ಥ್ ತಂತಿ ಮತ್ತು ಲೋಹದ ಸವೆತ

ದಡದ ಅರ್ಥ್ ತಂತಿಯ ಮೂಲಕ ಪಕ್ಕಪಕ್ಕದ ದೋಣಿಗಳ ನೀರೊಳಗಿನ ಲೋಹಗಳು ಪರಸ್ಪರ ಜೋಡಿಸಲ್ಪಡುತ್ತವೆ. ಉಪ್ಪುನೀರಿನಲ್ಲಿ ಭಿನ್ನ ಲೋಹಗಳು ಸೇರಿದರೆ ಅದೊಂದು ಬ್ಯಾಟರಿಯೇ ಸರಿ: ಮೊದಲು ಸತುವಿನ ತುಂಡುಗಳು, ಅನಂತರ ಪ್ರೊಪೆಲ್ಲರ್ ಮತ್ತು ಉಕ್ಕಿನ ತಳ ಸವೆಯುತ್ತವೆ. ಇದನ್ನು ತಪ್ಪಿಸಲು ಅರ್ಥ್ ತಂತಿಯನ್ನೇ ಕತ್ತರಿಸುವುದು ಮಾರಕ. ಆಗ ಉಪಕರಣವೊಂದು ಕೆಟ್ಟರೆ ಅದರ ಲೋಹದ ಕವಚಕ್ಕೆ 230 ವೋಲ್ಟ್ ಬರಬಹುದು, ಮುಟ್ಟಿದವನ ದೇಹವೇ ಅದರ ದಾರಿಯಾದೀತು. ಸವೆತಕ್ಕೆ ಕಾರಣವಾಗುವ ಸಣ್ಣ ನೇರ ವಿದ್ಯುತ್ತನ್ನು ತಡೆದು, ದೋಷದ ವಿದ್ಯುತ್ತನ್ನು ಹರಿಯಬಿಡುವ ಗ್ಯಾಲ್ವಾನಿಕ್ ಐಸೊಲೇಟರ್ ಸರಿಯಾದ ಪರಿಹಾರ. ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇನ್ನೂ ಉತ್ತಮ. ಆದರೆ ಭಾರ ಮತ್ತು ಬೆಲೆ ಹೆಚ್ಚು.

ಕೇಬಲ್ಲನ್ನು ಮೊದಲು ದೋಣಿಗೆ, ಬಳಿಕ ದಡಕ್ಕೆ ಜೋಡಿಸಬೇಕು. ಬಿಡಿಸುವಾಗ ದಡದ ಸ್ವಿಚ್ ಆರಿಸಿ, ದಡದ ತುದಿಯನ್ನೇ ಮೊದಲು ಕೀಳಬೇಕು. ಇಲ್ಲವಾದರೆ ವಿದ್ಯುತ್ ಹರಿಯುತ್ತಿರುವ ತುದಿ ನೀರಿಗೆ ಬೀಳಬಹುದು.