ಬಿಳಿ ರಕ್ತಕಣಗಳ ಎಣಿಕೆ ಮತ್ತು ಬಳಲಿದ ಹೃದಯ



ದವಾಖಾನೆಯಿಂದ ತರುವ ರಕ್ತ ತಪಾಸಣೆಯ ಚೀಟಿಯಲ್ಲಿ ಬಿಳಿ ರಕ್ತಕಣಗಳ ಎಣಿಕೆ ಇದ್ದೇ ಇರುತ್ತದೆ. ಜ್ವರ, ಸೋಂಕುಗಳನ್ನು ತಿಳಿಯಲು ಅದನ್ನು ನೋಡುವುದು ರೂಢಿ. ಬಳಲಿದ ಹೃದಯದ ಮುಂದಿನ ಗತಿಯ ಕುರಿತೂ ಆ ಅಂಕಿ ಸುಳಿವು ನೀಡಬಲ್ಲದು ಎಂಬ ಅರಿವು ಬಹಳ ತಡವಾಗಿ ಮೂಡಿತು.

ರಕ್ತಕಣಗಳನ್ನು ಎಣಿಸುವ ಪ್ರಯತ್ನವನ್ನು 1852ರಲ್ಲಿ ಜರ್ಮನಿಯ ಕಾರ್ಲ್ ಫಿಯರೋರ್ಟ್ ಕೈಗೊಂಡನು. 1879ರ ಸುಮಾರಿಗೆ ಪಾಲ್ ಎರ್ಲಿಖ್ ಬಣ್ಣಗಳನ್ನು ಬಳಸಿ ಬಿಳಿ ಕಣಗಳ ಬಗೆಗಳನ್ನು ಬೇರ್ಪಡಿಸಿ ತೋರಿಸಿದನು. ಮುಂದೆ ಗೆರೆ ಕೊರೆದ ಗಾಜಿನ ಫಲಕ ಬಳಕೆಗೆ ಬಂದಿತು. ರಕ್ತವನ್ನು ಇಪ್ಪತ್ತು ಪಟ್ಟು ತೆಳುಗೊಳಿಸಿ, ನಾಲ್ಕು ಮೂಲೆಯ ಚೌಕಗಳಲ್ಲಿನ ಕಣಗಳನ್ನು ಎಣಿಸಿ, 50ರಿಂದ ಗುಣಿಸುವುದು ಕ್ರಮ. 160 ಕಣಗಳು ಕಂಡರೆ ಒಂದು ಘನ ಮಿಲಿಮೀಟರಿಗೆ 8,000. ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಎಣಿಕೆಯ ಯಂತ್ರವಿಧಾನಕ್ಕೆ ಪೇಟೆಂಟ್ ಪಡೆದಿದ್ದರೂ, 1963ರಲ್ಲಿ ನಮ್ಮ ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಾಗ ದೇಶದ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದಡಿ ಕಣ್ಣಿನಿಂದಲೇ ಎಣಿಸುತ್ತಿದ್ದರು.

1974ರಲ್ಲಿ ಅಮೆರಿಕದ ಫ್ರೀಡ್‌ಮನ್ ಮತ್ತು ಸಂಗಡಿಗರು, ಬಿಳಿ ಕಣಗಳು ಹೆಚ್ಚಿದ್ದವರಲ್ಲಿ ಮುಂದೆ ಹೃದಯಾಘಾತ ಹೆಚ್ಚೆಂದು ಪ್ರಕಟಿಸಿದರು. ಹೃದಯ ವೈಫಲ್ಯವಾದರೋ ಬೇರೆಯದು. ಅಲ್ಲಿ ಹೃದಯ ನಿಂತುಹೋಗುವುದಿಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಲಾರದೆ ಸೋಲುತ್ತದೆ. ತೀವ್ರ ಹೃದಯ ವೈಫಲ್ಯದ ರೋಗಿಗಳಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳ ಪಾಲು ಕಡಿಮೆಯಿದ್ದವರ ಆಯುಸ್ಸೂ ಕಡಿಮೆಯೆಂದು 1998ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ತಿಳಿಸಿದರು. ಅಂದರೆ ಒಟ್ಟು ಎಣಿಕೆಯಷ್ಟೇ ಅದರ ಒಳಪಾಲುಗಳೂ ಮುಖ್ಯ. ದಣಿದ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ, ಲಿಂಫೋಸೈಟುಗಳು ತಗ್ಗುತ್ತವೆ. ಉರಿಯೂತದಿಂದ ನ್ಯೂಟ್ರೋಫಿಲ್ಲುಗಳು ಹೆಚ್ಚುತ್ತವೆ. ಹೃದಯದ ಕಷ್ಟದಲ್ಲಿ ಇಡೀ ದೇಹ ಪಾಲುಗೊಳ್ಳುತ್ತದೆ.

ಈ ಇತಿಹಾಸ ನಮ್ಮ ಸೀಮೆಗೆ ಏಕೆ ಬೇಕು? ಬೆಳಗಾವಿಯಲ್ಲಿ ಎಕೋ ಮೊದಲಾದ ಪರೀಕ್ಷೆಗಳು ಕೈಗೆಟಕುತ್ತವೆ. ಖಾನಾಪುರ ತಾಲೂಕಿನ ಭೀಮಗಡದ ಕಾಡಂಚಿನಲ್ಲಿ ಹಾಗಿಲ್ಲ. ಆಮಗಾಂವದಂಥ ಹಳ್ಳಿಯಿಂದ ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ತಂದ ಸುದ್ದಿ 2024ರ ಮಳೆಗಾಲದಲ್ಲಿಯೂ ಬಂದಿತು. ಅಂಥ ಕಡೆಯ ವೈದ್ಯನಿಗೆ, ಕಡಿಮೆ ಖರ್ಚಿನ ರಕ್ತ ಎಣಿಕೆಯೂ, ಯಾರನ್ನು ಬೇಗನೆ ಬೆಳಗಾವಿಗೆ ಕಳುಹಿಸಬೇಕೆಂಬ ವಿವೇಚನೆಗೆ ಒಂದು ಆಸರೆಯಾದೀತು.

ಆದರೆ ಆಸರೆಯೇ ತೀರ್ಪಲ್ಲ. ಸೋಂಕು, ಧೂಮಪಾನ, ಸ್ಟೀರಾಯ್ಡ್ ಔಷಧಗಳಿಂದಲೂ ಬಿಳಿ ಕಣಗಳು ಏರುತ್ತವೆ; ಟೈಫಾಯ್ಡಿನಲ್ಲಿ ಇಳಿಯಲೂಬಹುದು. ಹಲವರನ್ನು ಕಂಡು ಕಟ್ಟಿದ ಸರಾಸರಿ ಒಬ್ಬನ ಹಣೆಬರಹವಾಗದು. ಆದ್ದರಿಂದ ಚೀಟಿಯ ಅಂಕಿ ನೋಡಿ ಮನೆಯವರು ಎದೆಗುಂದಲೂಬಾರದು, ಅಂಕಿ ಸರಿಯಿದೆಯೆಂದು ಮೈಮರೆಯಲೂಬಾರದು. ಕಾಲು ಬಾತರೆ, ಮಲಗಿದೊಡನೆ ಉಸಿರು ಕಟ್ಟಿದರೆ, ನಾಲ್ಕು ದಿನಗಳಲ್ಲೇ ತೂಕ ಏರಿದರೆ, ಎಣಿಕೆಗಾಗಿ ಕಾಯದೆ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಹೊಳೆ ತುಂಬುವ ಮುನ್ನವೇ ದಾಟುವುದು ಲೇಸೆಂಬುದು ಮಲಪ್ರಭೆಯ ಉಗಮದ ಸೀಮೆಯವರಾದ ನಿಮಗೆ ಹೇಳಿಕೊಡಬೇಕಿಲ್ಲ.