ವಿದೇಶ ವಾಸಕ್ಕೆ ಮುನ್ನ: ಹೆಸರು, ದಾಖಲೆ, ವೀಸಾ

ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ವ್ಯಾಸಂಗ, ಉದ್ಯೋಗಗಳಿಗಾಗಿ ವಿದೇಶಕ್ಕೆ ತೆರಳುವುದು ಇಂದು ಮಹಾನಗರಗಳಿಗಷ್ಟೇ ಸೀಮಿತವಲ್ಲ. ಆದರೆ ನಾಸಿಕ ಜಿಲ್ಲೆಯ ಸಟಾಣಾದಂತಹ ತಾಲೂಕು ಕೇಂದ್ರದಲ್ಲಿರುವವರು ಪಾಸ್‌ಪೋರ್ಟಿಗೆ ನಾಸಿಕಕ್ಕೂ ವೀಸಾಕ್ಕೆ ಮುಂಬಯಿಗೂ ಓಡಾಡಬೇಕು. ದಾಖಲೆಯಲ್ಲಿನ ಒಂದು ಅಕ್ಷರದ ತಪ್ಪೂ ಅವರಿಗೆ ಒಂದು ದಿನದ ಪ್ರಯಾಣ. ಹಣ ಸಿದ್ಧವಿದ್ದರೂ ಹೆಸರಿನ ಗೊಂದಲದಿಂದ ಕೆಲಸ ನಿಂತುಹೋದುದನ್ನು ನಾವು ಬ್ಯಾಂಕಿನಲ್ಲಿ ಕಂಡಿದ್ದೇವೆ.

ಹೆಸರು: ಕರ್ನಾಟಕದ ದಾಖಲೆಗಳಲ್ಲಿ ಊರು ಹಾಗೂ ತಂದೆಯ ಹೆಸರುಗಳು ಇನಿಷಿಯಲ್ ಆಗಿರುತ್ತವೆ. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ವಿವಾಹಿತ ಸ್ತ್ರೀಯರಿಗೆ ನಡುವೆ ಪತಿಯ ಹೆಸರು ಸೇರುತ್ತದೆ. ಹೀಗಾಗಿ ಮಗುವಿನ ಜನನ ಪ್ರಮಾಣಪತ್ರದಲ್ಲಿನ ತಾಯಿ ಮತ್ತು ಪಾಸ್‌ಪೋರ್ಟಿನಲ್ಲಿನ ತಾಯಿ ಬೇರೆ ಬೇರೆಯವರಂತೆ ತೋರಬಹುದು. ಮೊದಲು ಎಲ್ಲ ದಾಖಲೆಗಳನ್ನು ಒಟ್ಟಿಗಿಟ್ಟು ಹೋಲಿಸಿ, ತಿದ್ದುಪಡಿಯನ್ನು ಮೂಲ ದಾಖಲೆಯಿಂದಲೇ ಆರಂಭಿಸುವುದು ಕ್ಷೇಮ.

ದೃಢೀಕರಣ: ಭಾರತದಲ್ಲಿ ಹೇಗ್ ಅಪೋಸ್ಟಿಲ್ ಒಪ್ಪಂದವು 2005ರಲ್ಲಿ ಜಾರಿಗೆ ಬಂದಿತು. ಸದಸ್ಯ ರಾಷ್ಟ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸಾಕು. ಉಳಿದವಕ್ಕೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಸಾಮಾನ್ಯವಾಗಿ ದಾಖಲೆಯನ್ನು ನೀಡಿದ ರಾಜ್ಯವೇ ಅದನ್ನು ಮೊದಲು ದೃಢೀಕರಿಸಬೇಕಾಗುತ್ತದೆ. ಧಾರವಾಡದ ಪದವಿಗೆ ಕರ್ನಾಟಕದಲ್ಲಿ, ನಾಸಿಕದ ಜನನ ಪತ್ರಕ್ಕೆ ಮಹಾರಾಷ್ಟ್ರದಲ್ಲಿ ಪ್ರಯತ್ನಿಸಬೇಕಾದ್ದರಿಂದ ಇದಕ್ಕೆ ಸಾಕಷ್ಟು ಸಮಯವಿರಲಿ.

ವೀಸಾ ಮತ್ತು ವಾಸದ ಪರವಾನಗಿ: ಇವೆರಡೂ ಒಂದೇ ಅಲ್ಲ. ಉದಾಹರಣೆಗೆ ಜರ್ಮನಿಗೆ ರಾಷ್ಟ್ರೀಯ ವೀಸಾದ ಮೇಲೆ ಹೋದವರು ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಿ, ವೀಸಾ ಅವಧಿ ಮುಗಿಯುವ ಮುನ್ನ ವಾಸದ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ, ಪದವಿ ಮೌಲ್ಯಮಾಪನಕ್ಕೆ ಐದು ವರ್ಷ ಮಾನ್ಯತೆ. ಆದ್ದರಿಂದ ಬೇಗ ಹಳತಾಗುವ ದಾಖಲೆಯನ್ನು ಕೊನೆಗೆ ಪಡೆಯುವುದು ಜಾಣತನ.

ಬ್ಯಾಂಕು ಮತ್ತು ಜಮೀನು: ಉದ್ಯೋಗಕ್ಕಾಗಿ ಹೊರಟವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಈ ವಿಷಯವನ್ನು ಮರೆಯುವವರೇ ಹೆಚ್ಚು. ಅನಿವಾಸಿಯಾದ ಬಳಿಕ ಕೃಷಿಭೂಮಿ ಕೊಳ್ಳುವಂತಿಲ್ಲ. ಮೊದಲೇ ಇದ್ದ ಅಥವಾ ಪಿತ್ರಾರ್ಜಿತವಾಗಿ ಬಂದ ಭೂಮಿಯನ್ನು ಉಳಿಸಿಕೊಳ್ಳಬಹುದು. ದ್ರಾಕ್ಷಿ, ದಾಳಿಂಬೆಯ ಸೀಮೆಯಲ್ಲಿ ತೋಟವಿರುವವರು ಇದನ್ನು ಗಮನಿಸಬೇಕು.

ಮಕ್ಕಳು ವಿಮಾನವೇರಿದ ಮೇಲೆ ಇಲ್ಲಿನ ಕಚೇರಿಗಳಿಗೆ ಅಲೆಯಬೇಕಾದವರು ವೃದ್ಧ ತಂದೆತಾಯಿಗಳು. ಎಲ್ಲ ದಾಖಲೆಗಳ ಒಂದು ಪ್ರತಿಯನ್ನು ಮನೆಯಲ್ಲಿಟ್ಟು, ಯಾವುದು ಎಲ್ಲಿದೆ ಎಂಬುದನ್ನು ಅವರಿಗೆ ತಿಳಿಸಿ ಹೊರಡಬೇಕೆಂದು ನಮ್ಮ ವಿನಂತಿ.