ರೋಮ್ ಗಣರಾಜ್ಯ ಮುಗಿದಿದ್ದು ಯಾವತ್ತು?

ಸೀಸರ್ ಬಂದ, ಗಣರಾಜ್ಯ ಹೋಯ್ತು, ಸಾಮ್ರಾಜ್ಯ ಶುರುವಾಯ್ತು. ಶಾಲೆಯಲ್ಲಿ ಓದುವಾಗ ನಾನು ಅಂದುಕೊಂಡಿದ್ದು ಇಷ್ಟೇ. ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದೇ ಬೇರೆ. 'ಇವತ್ತಿನಿಂದ ಗಣರಾಜ್ಯ ರದ್ದು' ಅಂತ ರೋಮ್‌ನಲ್ಲಿ ಯಾರೂ ಘೋಷಿಸಲೇ ಇಲ್ಲ.

ವ್ಯವಸ್ಥೆ ಹೇಗಿತ್ತು?

ಕ್ರಿ.ಪೂ. 509ರಲ್ಲಿ ದೊರೆಯನ್ನು ಓಡಿಸಿ ಗಣರಾಜ್ಯ ಕಟ್ಟಿದೆವು ಅನ್ನೋದು ರೋಮನ್ನರ ನಂಬಿಕೆ. ಅಧಿಕಾರ ಮತ್ತೆ ಒಬ್ಬನ ಕೈ ಸೇರದಂತೆ ಅವರು ಎರಡು ಬೇಲಿ ಹಾಕಿಕೊಂಡರು: ಅಧಿಕಾರ ಹಂಚಿಕೆ ಮತ್ತು ಚಿಕ್ಕ ಅವಧಿ. ಪ್ರತಿ ವರ್ಷ ಇಬ್ಬರು ಕಾನ್ಸಲ್‌ಗಳು, ಒಬ್ಬರನ್ನೊಬ್ಬರು ತಡೆಯಬಹುದಿತ್ತು. ಸಾಮಾನ್ಯ ಜನರ ಪರವಾಗಿ ಹತ್ತು ಟ್ರಿಬ್ಯೂನ್‌ಗಳು. ಅವರ ಕೈಯಲ್ಲಿ ವೀಟೊ. ತುರ್ತು ಪರಿಸ್ಥಿತಿಗೆ ಡಿಕ್ಟೇಟರ್. ಅದೂ ಆರೇ ತಿಂಗಳಿಗೆ.

ಹಾಗಂತ ಇದು ಇವತ್ತಿನ ಅರ್ಥದ ಪ್ರಜಾಪ್ರಭುತ್ವವಲ್ಲ. ಹೆಂಗಸರಿಗೆ, ಗುಲಾಮರಿಗೆ ಮತವಿರಲಿಲ್ಲ. ಕಾನ್ಸಲ್ ಚುನಾವಣೆಯಲ್ಲಿ ಶ್ರೀಮಂತರ ಮತಕ್ಕೇ ತೂಕ ಜಾಸ್ತಿ.

ಬೇಲಿ ಮುರಿದಿದ್ದು ಹೇಗೆ?

ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್ ಸರ್ಕಾರಿ ಭೂಮಿಯನ್ನು ಬಡವರಿಗೆ ಹಂಚಲು ಹೊರಟ. ವೀಟೊ ಹಾಕಿದ ಸಹೋದ್ಯೋಗಿಯನ್ನೇ ಮತ ಹಾಕಿಸಿ ಕೆಳಗಿಳಿಸಿದ. ಸಂಪ್ರದಾಯ ಅಲ್ಲೇ ಮುರಿಯಿತು. ಸೆನೆಟರ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು, ಅವನನ್ನು ಹೊಡೆದು ಕೊಂದರು.

ಆಮೇಲೆ ಸೈನ್ಯದ ಸರದಿ. ಭೂಮಿಯಿಲ್ಲದವರು ಸೈನಿಕರಾದರು. ನಿವೃತ್ತಿಯ ನಂತರ ಜಮೀನು ಕೊಡಿಸುವವನು ಸೇನಾಪತಿ. ಹಾಗಾಗಿ ನಿಷ್ಠೆಯೂ ಅವನಿಗೇ ಹೋಯಿತು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೈನ್ಯವನ್ನು ರೋಮ್ ಮೇಲೆಯೇ ನುಗ್ಗಿಸಿದ. 49ರಲ್ಲಿ ಸೀಸರ್ ರೂಬಿಕಾನ್ ನದಿ ದಾಟಿದ. 44ರಲ್ಲಿ ಅವನು ಆಜೀವ ಡಿಕ್ಟೇಟರ್ ಆದ. ಅದೇ ವರ್ಷ ಮಾರ್ಚ್ 15ಕ್ಕೆ ಅವನ ಕೊಲೆಯಾಯ್ತು. ಅವನು ಸತ್ತರೆ ಗಣರಾಜ್ಯ ವಾಪಸ್ ಬರುತ್ತೆ ಅಂತ ಕೊಂದವರು ನಂಬಿದ್ದರು. ಬಂದಿದ್ದು ಮಾತ್ರ ಇನ್ನಷ್ಟು ಅಂತರ್ಯುದ್ಧ.

ಆಗಸ್ಟಸ್‌ನ ಜಾಣತನ

ಆ ಯುದ್ಧಗಳಲ್ಲಿ ಕೊನೆಗೆ ಗೆದ್ದವನು ಸೀಸರ್‌ನ ದತ್ತುಪುತ್ರ ಆಕ್ಟೇವಿಯನ್. ಕ್ರಿ.ಪೂ. 27ರಲ್ಲಿ ಅವನು ಅಧಿಕಾರವನ್ನು ಸೆನೆಟ್‌ಗೂ ಜನರಿಗೂ ಹಿಂದಿರುಗಿಸಿದೆ ಅಂದ. ಸೆನೆಟ್ ಅವನಿಗೆ 'ಆಗಸ್ಟಸ್' ಅನ್ನೋ ಬಿರುದು ಕೊಟ್ಟಿತು. ಜೊತೆಗೆ ಹೆಚ್ಚಿನ ಸೈನ್ಯವಿದ್ದ ಪ್ರಾಂತ್ಯಗಳನ್ನೂ ಅವನ ವಶಕ್ಕೇ ಕೊಟ್ಟಿತು. 23ರಲ್ಲಿ, ಟ್ರಿಬ್ಯೂನ್ ಆಗದೆಯೇ ಟ್ರಿಬ್ಯೂನ್‌ನ ಅಧಿಕಾರವೂ ಸಿಕ್ಕಿತು. ಹೊಸ ಸಿಂಹಾಸನವೇನೂ ಬರಲಿಲ್ಲ. ಹಳೆಯ ಅಧಿಕಾರಗಳೆಲ್ಲ ಒಂದೇ ಜೇಬಿಗೆ ಬಿದ್ದವು, ಅಷ್ಟೇ.

ಜನ ಯಾಕೆ ಒಪ್ಪಿದರು? ದಶಕಗಳ ರಕ್ತಪಾತದಿಂದ ಸಾಕಾಗಿತ್ತು. ಶಾಂತಿ ಸಿಕ್ಕಿತು, ರಾಜಧಾನಿಯ ಜನರಿಗೆ ಧಾನ್ಯ ಸಿಕ್ಕಿತು, ಸೈನಿಕರಿಗೆ ಜಮೀನು ಸಿಕ್ಕಿತು. ಕ್ರಿ.ಶ. 14ರಲ್ಲಿ ಆಗಸ್ಟಸ್ ಸತ್ತ ಮೇಲೆ ಅಧಿಕಾರಿಗಳ ಆಯ್ಕೆ ಜನರಿಂದ ಸೆನೆಟ್‌ಗೆ ಹೋಯಿತು. ಇತಿಹಾಸಕಾರ ಟ್ಯಾಸಿಟಸ್ ಪ್ರಕಾರ, ಜನ ಒಂದಿಷ್ಟು ಗೊಣಗಿ ಸುಮ್ಮನಾದರು.

ಕಾನ್ಸಲ್ ಹುದ್ದೆ ಮಾತ್ರ ಆಮೇಲೂ ಐನೂರು ವರ್ಷ ಇತ್ತು! ನನ್ನನ್ನು ಕಾಡೋದು ಇದೇ. ಒಂದು ಸಂಸ್ಥೆ ಉಳಿದಿದೆಯಾ ಅಂತ ಕೇಳಿದರೆ ಸಾಲದು. ಅದು 'ಆಗಲ್ಲ' ಅಂದರೆ ಅಧಿಕಾರದಲ್ಲಿರೋನು ನಿಲ್ಲುತ್ತಾನಾ ಅಂತ ಕೇಳಬೇಕು. ರೋಮ್‌ನಲ್ಲಿ ಆ ಪ್ರಶ್ನೆ ಕೇಳುವ ಹೊತ್ತಿಗೆ, ಗಣರಾಜ್ಯ ಕಂಡಿದ್ದವರೇ ಹೆಚ್ಚು ಉಳಿದಿರಲಿಲ್ಲ.